ಐದು ನಿಮಿಷ ಕೂತು ಬಂದರೆ ಮುಗಿಯಿತೇ?

ಇಬ್ಬರು ಆಟಗಾರರು ಗ್ಲೌಸ್ ಕಳಚಿ ಬಿಸಾಕಿದ್ದರು. ಒಬ್ಬರ ಜೆರ್ಸಿ ಇನ್ನೊಬ್ಬರು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯಿಂದ ಮುಖಕ್ಕೇ ಗುದ್ದುತ್ತಿದ್ದರು. ಎರಡು ಮಾರು ಆಚೆ ಅಂಪೈರ್‌ಗಳು ಸುಮ್ಮನೆ ನಿಂತಿದ್ದರು.

2007ರ ಚಳಿಗಾಲ. ನಾನು ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಮೂರು ತಿಂಗಳಾಗಿತ್ತು. ಆಫೀಸಿನ ಗೆಳೆಯರೊಬ್ಬರು ಪಕ್ಕದ ಸೇಂಟ್ ಪಾಲ್‌ಗೆ ಕರೆದುಕೊಂಡು ಹೋಗಿದ್ದರು. ಮಿನೆಸೋಟಾ ವೈಲ್ಡ್ ತಂಡದ ಐಸ್ ಹಾಕಿ ಮ್ಯಾಚು, ಅಂದರೆ ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿ ಆಡುವ ಹಾಕಿ. "ಹಾಕಿ ಆಡಿದವನು ಅಂದೆಯಲ್ಲ, ನಮ್ಮ ಹಾಕಿ ನೋಡು ಬಾ" ಅಂದಿದ್ದರು. ಆಗ ಎಕ್ಸೆಲ್ ಎನರ್ಜಿ ಸೆಂಟರ್ ಎಂದು ಕರೆಯುತ್ತಿದ್ದ ಆ ಕಟ್ಟಡದಲ್ಲಿ ಸುಮಾರು 18,000 ಜನ ಕೂರಬಹುದು. ಅಲ್ಲಿಯವರೆಗೆ ಕೂತಿದ್ದ ಜನ ಗ್ಲೌಸ್ ಬಿದ್ದ ಕೂಡಲೇ ಎದ್ದು ನಿಂತರು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡರು.

"ಯಾಕೆ ಯಾರೂ ಬಿಡಿಸ್ತಾ ಇಲ್ಲ?" ಎಂದು ಕೇಳಿದೆ. "ಒಬ್ಬ ಬೀಳಲಿ, ಆಮೇಲೆ ಬಿಡಿಸ್ತಾರೆ" ಅಂದರು ಗೆಳೆಯರು. ಹಾಗೇ ಆಯಿತು. ಒಬ್ಬ ಬಿದ್ದ. ಅಂಪೈರ್‌ಗಳು ನಡುವೆ ಬಂದರು. ಇಬ್ಬರೂ ಶಿಕ್ಷೆಯಾದವರು ಕೂರುವ ಪೆನಾಲ್ಟಿ ಬಾಕ್ಸಿಗೆ ಹೋಗಿ ಐದು ನಿಮಿಷ ಕೂತರು. ಒಬ್ಬ ಬಾಯಿಗೆ ಟವೆಲ್ ಒತ್ತಿಕೊಂಡಿದ್ದ. ಐದು ನಿಮಿಷ ಆದ ಮೇಲೆ ಎದ್ದು ಬಂದು ಮತ್ತೆ ಆಡಿದರು. ಸುತ್ತ ಇದ್ದವರಿಗೆ ಇದೆಲ್ಲ ಮಾಮೂಲಿ. ನನಗೆ ಮಾತ್ರ ಮನೆಗೆ ಹೋಗುವವರೆಗೂ ಮನಸ್ಸು ಸರಿ ಇರಲಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ಕೊಡವನಲ್ಲ, ಆದರೆ ಕೊಡಗಿನಲ್ಲಿ ಹುಟ್ಟಿ ಬೆಳೆದವನಿಗೆ ಹಾಕಿ ಅಂದರೆ ಮನೆಯ ಸಂಗತಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಇವರ ಹೆಸರು ಕೇಳುತ್ತಲೇ ದೊಡ್ಡವರಾದೆವು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರು ಮಾಡಿದರು. ಪ್ರತಿ ವರ್ಷ ಒಂದೊಂದು ಮನೆತನ ಅದನ್ನು ನಡೆಸುತ್ತದೆ. ಈಗ 300ಕ್ಕೂ ಹೆಚ್ಚು ಮನೆತನಗಳ ತಂಡಗಳು ಬರುತ್ತವೆ. ಒಂದೇ ತಂಡದಲ್ಲಿ ಅಜ್ಜ ಇರುತ್ತಾರೆ, ಮೊಮ್ಮಗ ಇರುತ್ತಾನೆ, ಸೊಸೆಯೂ ಸ್ಟಿಕ್ ಹಿಡಿದು ಓಡುತ್ತಾಳೆ. ಬೇಸಿಗೆ ರಜೆಯಲ್ಲಿ ನಾಪೋಕ್ಲಿನ ಮೈದಾನದ ದಿಬ್ಬದ ಮೇಲೆ ಕೂತು ಕೂಗಿದ ದಿನಗಳು ನನಗೆ ಈಗಲೂ ಬೇಕು.

ಹೈಸ್ಕೂಲಿನಲ್ಲಿ ಒಮ್ಮೆ ಎದುರಿನವನ ಸ್ಟಿಕ್ ನನ್ನ ಮೊಣಕಾಲಿನ ಕೆಳಗೆ ಬಿತ್ತು. ಬೇಕಂತಲೇ ಹೊಡೆದ ಅನ್ನಿಸಿತು. ಅವನ ಎದೆಗೆ ಕೈ ಹಾಕಿ ತಳ್ಳಿದೆ, ಅಷ್ಟೇ. ಪೀಟಿ ಮೇಷ್ಟ್ರು ಬಂದು ನನ್ನ ಸ್ಟಿಕ್ ಕಿತ್ತುಕೊಂಡರು. ಆ ಟೂರ್ನಮೆಂಟ್ ಮುಗಿಯುವವರೆಗೂ ಕೊಡಲಿಲ್ಲ. "ನಿನ್ನ ಕೈಲಿ ಮರದ ದೊಣ್ಣೆ ಇದೆ ಕಣೋ. ಅದನ್ನು ಹಿಡ್ಕೊಂಡು ಸಿಟ್ಟು ಮಾಡಿಕೊಳ್ಳೋ ಹಕ್ಕು ನಿಂಗಿಲ್ಲ" ಅಂದರು. ನಾನು ತುಂಬಾ ಅತ್ತೆ. ಆದರೆ ಅವರು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತು.

ಮೈದಾನದ ಹಾಕಿಯಲ್ಲಿ ಹಸಿರು ಕಾರ್ಡ್ ಕಂಡರೆ ಎರಡು ನಿಮಿಷ ಹೊರಗೆ. ಹಳದಿ ಕಂಡರೆ ಐದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು. ಮುಷ್ಟಿ ಎತ್ತಿದರೆ ಕೆಂಪು ಕಾರ್ಡ್, ಆ ದಿನದ ಆಟ ಮುಗಿಯಿತು. ಅಷ್ಟೂ ಹೊತ್ತು ತಂಡಕ್ಕೆ ಒಬ್ಬ ಕಡಿಮೆ. ನಮ್ಮಲ್ಲಿ ಜಗಳ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2019ರಲ್ಲಿ ದೆಹಲಿಯ ನೆಹರೂ ಕಪ್ ಫೈನಲ್‌ನಲ್ಲಿ ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ಆಟಗಾರರು ಸ್ಟಿಕ್ ಹಿಡಿದೇ ಹೊಡೆದಾಡಿಕೊಂಡರು. ಆ ದೃಶ್ಯ ನೋಡಿ ನಾಚಿಕೆ ಆಯಿತು. ಹಾಕಿ ಇಂಡಿಯಾ ಹಲವು ಆಟಗಾರರನ್ನು ತಿಂಗಳುಗಟ್ಟಲೆ ಹೊರಗಿಟ್ಟಿತು. ಅದನ್ನು ಯಾರೂ ಆಟದ ಭಾಗ ಎಂದು ಕರೆಯಲಿಲ್ಲ. ಎರಡು ಹಾಕಿಗಳ ನಡುವಿನ ವ್ಯತ್ಯಾಸ ನನಗೆ ಕಂಡಿದ್ದು ಇಲ್ಲೇ. ಸಿಟ್ಟು ಎರಡೂ ಕಡೆ ಬರುತ್ತದೆ. ಸಿಟ್ಟಿಗೆ ಕುರ್ಚಿ ಹಾಕಿ ಕೂರಿಸುವುದು ಒಂದೇ ಕಡೆ.

ಅಮೆರಿಕ, ಕೆನಡಾದ ತಂಡಗಳು ಆಡುವ ಮಂಜಿನ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್. ಅಲ್ಲಿ ಗುದ್ದಾಟಕ್ಕೆ ಐದು ನಿಮಿಷದ ಶಿಕ್ಷೆ ಎಂಬ ನಿಯಮ 1922ರಿಂದ ಇದೆ. ನೂರು ವರ್ಷ ದಾಟಿತು. ಇದು ಕೆಲಸ ಮಾಡುವ ರೀತಿ ಅರ್ಥವಾಗಲು ನನಗೆ ಎರಡು ಮೂರು ಸೀಸನ್ ಬೇಕಾಯಿತು. ಬೇರೆ ತಪ್ಪಿಗೆ, ಉದಾಹರಣೆಗೆ ಎದುರಾಳಿಯ ಕಾಲಿಗೆ ಸ್ಟಿಕ್ ಅಡ್ಡ ಹಿಡಿದರೆ, ಎರಡು ನಿಮಿಷ ಹೊರಗೆ ಹೋಗಬೇಕು. ಆ ಎರಡು ನಿಮಿಷ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಒದ್ದಾಡಬೇಕು. ಗುದ್ದಾಟದಲ್ಲಿ ಹಾಗಲ್ಲ. ಎರಡೂ ತಂಡದಿಂದ ಒಬ್ಬೊಬ್ಬ ಹೊರಗೆ ಹೋಗುತ್ತಾನೆ, ಅವರ ಜಾಗಕ್ಕೆ ಬೇರೆ ಇಬ್ಬರು ಬರುತ್ತಾರೆ. ಆಟ ಐದು ಜನಕ್ಕೆ ಐದು ಜನ ಎಂದೇ ಮುಂದುವರಿಯುತ್ತದೆ. ಅಂದರೆ ಕಾಲಿಗೆ ಸ್ಟಿಕ್ ಅಡ್ಡ ಹಿಡಿದರೆ ತಂಡಕ್ಕೆ ನಷ್ಟ. ಮುಖಕ್ಕೆ ಹತ್ತು ಸಲ ಗುದ್ದಿದರೆ ತಂಡಕ್ಕೆ ಏನೂ ನಷ್ಟವಿಲ್ಲ. ಇದು ನ್ಯಾಯ ಹೇಗಾಗುತ್ತೆ ಹೇಳಿ?

ಲೀಗಿನವರು ಕೈ ಕಟ್ಟಿ ಕೂತಿಲ್ಲ, ನಿಜ. 1971ರಲ್ಲಿ, ಇಬ್ಬರ ಜಗಳಕ್ಕೆ ಮೂರನೆಯವನು ನುಗ್ಗಿದರೆ ಅವನು ಆಟದಿಂದಲೇ ಹೊರಗೆ ಎಂದರು. 1987ರಲ್ಲಿ ಮಾಂಟ್ರಿಯಲ್ ಮತ್ತು ಫಿಲಡೆಲ್ಫಿಯಾ ತಂಡಗಳು ಮ್ಯಾಚು ಶುರುವಾಗುವ ಮೊದಲೇ, ವಾರ್ಮ್ ಅಪ್ ಹೊತ್ತಿನಲ್ಲೇ, ಹೊಡೆದಾಡಿಕೊಂಡವು. ಆ ಮೇಲೆ ಬೆಂಚು ಬಿಟ್ಟು ಜಗಳಕ್ಕೆ ಹೋಗುವ ಮೊದಲಿಗನಿಗೆ ಹತ್ತು ಮ್ಯಾಚಿನ ನಿಷೇಧ ಬಂತು. 1992ರಲ್ಲಿ ಜಗಳ ಶುರು ಮಾಡಿದವನಿಗೆ ಹೆಚ್ಚಿನ ಶಿಕ್ಷೆ ಬಂತು. 2009ರ ಜನವರಿಯಲ್ಲಿ ಕೆನಡಾದ ಡಾನ್ ಸ್ಯಾಂಡರ್‌ಸನ್ ಎಂಬ 21 ವರ್ಷದ ಹುಡುಗ ತೀರಿಕೊಂಡ. ಅವನು ಆಡುತ್ತಿದ್ದದ್ದು ಸಣ್ಣ ಲೀಗಿನಲ್ಲಿ. ಮೂರು ವಾರ ಮೊದಲು ನಡೆದ ಗುದ್ದಾಟದಲ್ಲಿ ಹೆಲ್ಮೆಟ್ ಕಳಚಿ, ತಲೆ ಮಂಜಿಗೆ ಬಡಿದಿತ್ತು. 2013ರಲ್ಲಿ ಎನ್‌ಎಚ್‌ಎಲ್, ಜಗಳಕ್ಕೆ ಮೊದಲು ತನ್ನ ಹೆಲ್ಮೆಟ್ ತಾನೇ ತೆಗೆದರೆ ಇನ್ನೂ ಎರಡು ನಿಮಿಷ ಶಿಕ್ಷೆ ಎಂದಿತು. ಆ ಸೀಸನ್ನಿನ ಅಭ್ಯಾಸ ಪಂದ್ಯವೊಂದರಲ್ಲೇ ಇಬ್ಬರು ಒಬ್ಬರ ಹೆಲ್ಮೆಟ್ ಇನ್ನೊಬ್ಬರು ತೆಗೆದುಕೊಟ್ಟು, ಆಮೇಲೆ ಗುದ್ದಾಡಿದರು. ನಿಯಮ ಮುರಿಯಲಿಲ್ಲ ನೋಡಿ.

ಜಗಳದ ಸುತ್ತ ಹೀಗೆ ಬೇಲಿ ಹಾಕುತ್ತಲೇ ಬಂದಿದ್ದಾರೆ. ಜಗಳವನ್ನು ಮಾತ್ರ ಬೇಲಿಯ ಒಳಗೇ ಉಳಿಸಿಕೊಂಡಿದ್ದಾರೆ.

ನಾನು ಮೊದಲ ಮ್ಯಾಚು ನೋಡಿದ ಆ ಸೀಸನ್ನಿನಲ್ಲಿ ವೈಲ್ಡ್ ತಂಡದಲ್ಲಿ ಡೆರೆಕ್ ಬೂಗಾರ್ಡ್ ಇದ್ದರು. ಜೆರ್ಸಿ ನಂಬರ್ 24. ಕೆನಡಾದ ಸಸ್ಕಾಚೆವಾನ್‌ನಲ್ಲಿ ಬೆಳೆದ, ಆರೂವರೆ ಅಡಿಗಿಂತ ಎತ್ತರದ ಮನುಷ್ಯ. ಅವರ ಕೆಲಸ ಗುದ್ದುವುದು. ಹಾಕಿಯಲ್ಲಿ ಇಂಥವರನ್ನು ಎನ್‌ಫೋರ್ಸರ್ ಎನ್ನುತ್ತಾರೆ. ತಂಡದ ಒಳ್ಳೆಯ ಆಟಗಾರರ ಮೈ ಮುಟ್ಟಿದರೆ ಇವನ ಮುಷ್ಟಿ ಎದುರಿಸಬೇಕು ಎಂಬ ಭಯ ಹುಟ್ಟಿಸಲು ಅವರನ್ನು ಇಟ್ಟುಕೊಳ್ಳುತ್ತಿದ್ದರು. ಊರಿನ ಜನ ಬೂಗಾರ್ಡ್ ಅವರನ್ನು ಎಷ್ಟು ಪ್ರೀತಿಸುತ್ತಿದ್ದರು ಅಂದರೆ, ಗೋಲು ಹೊಡೆಯುವವರ ಜೊತೆ ಅವರ ಜೆರ್ಸಿಯೂ ಜೋರಾಗಿ ಮಾರಾಟವಾಗುತ್ತಿತ್ತು. ನಮ್ಮ ಪಕ್ಕದ ಮನೆಯ ಹಿರಿಯರ ಗ್ಯಾರೇಜಿನಲ್ಲಿ ಇವತ್ತಿಗೂ ಒಂದು 24 ನಂಬರಿನ ಜೆರ್ಸಿ ಮೊಳೆಗೆ ನೇತು ಹಾಕಿದೆ.

ಅವರ ಲೆಕ್ಕ ಹೀಗಿದೆ. ಎನ್‌ಎಚ್‌ಎಲ್‌ನಲ್ಲಿ 277 ಲೀಗ್ ಪಂದ್ಯ, 3 ಗೋಲು, ಪೆನಾಲ್ಟಿ ಬಾಕ್ಸಿನಲ್ಲಿ 589 ನಿಮಿಷ. ಎರಡನೆಯ ಗೋಲಿನಿಂದ ಮೂರನೆಯ ಗೋಲಿಗೆ 234 ಪಂದ್ಯಗಳ ಅಂತರ. ನಾನು ಅವರನ್ನು ಸೇಂಟ್ ಪಾಲ್‌ನಲ್ಲಿ ನೋಡಿದ ಮೂರು ಸೀಸನ್‌ಗಳಲ್ಲಿ ಒಂದೂ ಗೋಲಿಲ್ಲ.

2006ರ ಅಕ್ಟೋಬರಿನಲ್ಲಿ ಬೂಗಾರ್ಡ್, ಎದುರಾಳಿ ತಂಡದ ಟಾಡ್ ಫೆಡೊರುಕ್ ಎಂಬ ಎನ್‌ಫೋರ್ಸರ್‌ಗೆ ಒಂದು ಏಟು ಕೊಟ್ಟರು. ಫೆಡೊರುಕ್ ಮುಖದ ಮೂಳೆ ಪುಡಿಯಾಯಿತು. ಲೋಹದ ತಗಡು ಕೂರಿಸಿ ಸರಿ ಮಾಡಬೇಕಾಯಿತು. ಮುಂದಿನ ಸೀಸನ್ನಿನಲ್ಲಿ ಅದೇ ಫೆಡೊರುಕ್ ವೈಲ್ಡ್ ತಂಡಕ್ಕೆ ಬಂದರು. ಇಬ್ಬರೂ ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂತರು, ಗೆಳೆಯರಾದರು. ಇದನ್ನು ಮೊದಲು ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ಆ ಇಬ್ಬರ ನಡುವೆ ದ್ವೇಷ ಅಂತ ಏನೂ ಇರಲಿಲ್ಲ. ಒಬ್ಬ ಮನುಷ್ಯನ ಮುಖದ ಮೂಳೆ ಮುರಿಯಲು ಸಿಟ್ಟು ಕೂಡ ಬೇಕಾಗಿರಲಿಲ್ಲ. ಅದು ಡ್ಯೂಟಿ. ಬೆಳಿಗ್ಗೆ ಎದ್ದು ಆಫೀಸಿಗೆ ಹೋದ ಹಾಗೆ.

2010ರಲ್ಲಿ ಬೂಗಾರ್ಡ್ ನ್ಯೂಯಾರ್ಕ್ ರೇಂಜರ್ಸ್ ಸೇರಿದರು. ಆ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಗುದ್ದಾಡಿದ ಪಂದ್ಯವೇ ಅವರ ಕೊನೆಯ ಪಂದ್ಯ. ತಲೆಗೆ ಪೆಟ್ಟು ಬಿದ್ದಿತ್ತು. ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಇರಬೇಕಾಯಿತು. ಅದಕ್ಕೂ ಮೊದಲೇ ನೋವಿನ ಮಾತ್ರೆಗಳ ಚಟ ಅಂಟಿಕೊಂಡಿತ್ತು. 2011ರ ಮೇ 13ರಂದು ಮಿನಿಯಾಪೊಲಿಸ್‌ನ ಅವರ ಮನೆಯಲ್ಲಿ ತೀರಿಕೊಂಡಿದ್ದರು. ಮದ್ಯ ಮತ್ತು ಆಕ್ಸಿಕೋಡೋನ್ ಮಾತ್ರೆ ಎರಡೂ ದೇಹದಲ್ಲಿ ಸೇರಿದ್ದವು. ವಯಸ್ಸು 28. ನನಗಿಂತ ಚಿಕ್ಕವರು.

ಮನೆಯವರು ಮೆದುಳನ್ನು ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಸಿಟಿಇ ಎಂಬ ರೋಗ ಇತ್ತು ಎಂದು ಗೊತ್ತಾಯಿತು. ತಲೆಗೆ ಪದೇ ಪದೇ ಪೆಟ್ಟು ಬಿದ್ದವರಿಗೆ ಬರುವ ರೋಗ ಅದು. ಮರೆವು, ಸಿಡುಕು, ಖಿನ್ನತೆ ಎಲ್ಲ ಬರಬಹುದು. ಮನುಷ್ಯ ಬದುಕಿದ್ದಾಗ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ, ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿಯೇ ತಿಳಿಯಬೇಕು. 28ನೇ ವಯಸ್ಸಿಗೆ ಅಷ್ಟು ಮುಂದುವರಿದಿದ್ದನ್ನು ಕಂಡು ವೈದ್ಯರೇ ಗಾಬರಿಯಾದರು. ಅದೇ ವರ್ಷ ಆಗಸ್ಟಿನಲ್ಲಿ ರಿಕ್ ರಿಪಿಯನ್ ಹೋದರು, 27 ವರ್ಷ. ತಿಂಗಳ ಕೊನೆಯಲ್ಲಿ ವೇಡ್ ಬೆಲಾಕ್ ಹೋದರು, 35 ವರ್ಷ. ಒಂದೇ ಬೇಸಿಗೆಯಲ್ಲಿ ಮೂವರು ಗುದ್ದಾಟಗಾರರು. ಅದಕ್ಕೂ ಮುಂಚೆ 2010ರಲ್ಲಿ, ತಮ್ಮ ಕಾಲದ ಅತಿ ಹೆಸರಾದ ಎನ್‌ಫೋರ್ಸರ್ ಬಾಬ್ ಪ್ರೋಬರ್ಟ್ 45ಕ್ಕೆ ಹೃದಯ ನಿಂತು ತೀರಿಕೊಂಡಿದ್ದರು. ಅವರ ಮೆದುಳಿನಲ್ಲೂ ಸಿಟಿಇ ಸಿಕ್ಕಿತು. ಪ್ರತಿಯೊಬ್ಬರ ಸಾವಿಗೂ ಗುದ್ದಾಟವೇ ಕಾರಣ ಎಂದು ನಾನು ಹೇಳಲಾರೆ. ಆದರೆ ಈ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ ಮೇಲೂ ಸುಮ್ನೆ ಇರುವುದು ಹೇಗೆ?

ಲೀಗ್ ಮಾತ್ರ ಆಟಕ್ಕೂ ಆ ರೋಗಕ್ಕೂ ನೇರ ಸಂಬಂಧ ಇದೆ ಎಂದು ಒಪ್ಪಿಲ್ಲ. 2018ರಲ್ಲಿ 300ಕ್ಕೂ ಹೆಚ್ಚು ಮಾಜಿ ಆಟಗಾರರ ಜೊತೆ ಸುಮಾರು 1.89 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ತಪ್ಪು ನಮ್ಮದು ಎಂದು ಆಗಲೂ ಹೇಳಲಿಲ್ಲ.

ಪಕ್ಕದ ಮನೆಯ ಹಿರಿಯರ ಜೊತೆ ನಾನು ಈ ವಿಷಯ ಎಷ್ಟೋ ಸಲ ಮಾತಾಡಿದ್ದೇನೆ. ಹಿಮ ತೆಗೆಯುವಾಗ, ಬೇಲಿಯ ಆ ಕಡೆ ಅವರು, ಈ ಕಡೆ ನಾನು. ಅವರು ಒಳ್ಳೆಯ ಮನುಷ್ಯರು. ಅವರ ವಾದವನ್ನೂ ನಾನು ಗೌರವದಿಂದ ಕೇಳಿದ್ದೇನೆ. ಮಂಜಿನ ಮೇಲೆ ಆಟ ಬಹಳ ವೇಗ, ಕೈಯಲ್ಲಿ ಸ್ಟಿಕ್, ಕಾಲಲ್ಲಿ ಚೂಪಾದ ಬ್ಲೇಡು. ಅಂಪೈರ್ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಮುಷ್ಟಿಯ ಭಯ ಇಲ್ಲದಿದ್ದರೆ ಸ್ಟಿಕ್ಕಿನಿಂದ ಹೊಡೆಯುತ್ತಾರೆ, ಹಿಂದಿನಿಂದ ಬಂದು ಗುದ್ದುತ್ತಾರೆ. ಅದಕ್ಕಿಂತ ಎದುರೆದುರು ನಿಂತು ತೀರಿಸಿಕೊಳ್ಳಲಿ. ಇದು ಅವರ ಮಾತು. ಇದಕ್ಕೆ ಅವರು ಕೋಡ್ ಎನ್ನುತ್ತಾರೆ. ಬಿದ್ದವನಿಗೆ ಹೊಡೆಯಬಾರದು, ಒಪ್ಪದವನ ಮೇಲೆ ಬೀಳಬಾರದು, ಮುಗಿದ ಮೇಲೆ ಮುಗಿಯಿತು. ಇದರಲ್ಲಿ ಒಂದು ಮರ್ಯಾದೆ ಇದೆ, ನಾನು ಅಲ್ಲಗಳೆಯುವುದಿಲ್ಲ.

ಆದರೆ ಆ ಕೋಡ್ ಕೆಲಸಕ್ಕೆ ಬಂತಾ? 2004ರ ಫೆಬ್ರವರಿಯಲ್ಲಿ ಕೊಲೊರಾಡೊ ತಂಡದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದು ಗಾಯ ಮಾಡಿದ್ದರು. ಮಾರ್ಚ್ 8ರಂದು ಎರಡು ತಂಡಗಳೂ ಮತ್ತೆ ಎದುರಾದವು. ಕೋಡ್ ಪ್ರಕಾರವೇ ಮೂರ್ ಅವತ್ತು ವ್ಯಾಂಕೂವರಿನ ಒಬ್ಬರ ಜೊತೆ ಗುದ್ದಾಡಿ, ಐದು ನಿಮಿಷ ಕೂತು ಬಂದರು. ಲೆಕ್ಕ ಚುಕ್ತಾ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಕೊನೆಯ ಹೊತ್ತಿನಲ್ಲಿ ವ್ಯಾಂಕೂವರಿನ ಟಾಡ್ ಬರ್ಟೂಜಿ ಹಿಂದಿನಿಂದ ಬಂದು ಜೆರ್ಸಿ ಹಿಡಿದೆಳೆದು ತಲೆಗೆ ಗುದ್ದಿ, ಮೂರ್ ಮೇಲೆಯೇ ಬಿದ್ದರು. ಮೂರ್ ಕುತ್ತಿಗೆಯ ಮೂರು ಮೂಳೆ ಮುರಿದವು. ಅವರು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಕೋಡ್ ಇದ್ದ ಕಾಲದಲ್ಲೇ, ಕೋಡ್ ಪಾಲಿಸಿದ ಸಂಜೆಯೇ ಇದು ನಡೆದದ್ದು. ಒಂದು ಏಟು ಇನ್ನೊಂದು ಏಟನ್ನು ತಡೆಯುವುದಿಲ್ಲ. ಕರೆಯುತ್ತದೆ.

ಇನ್ನೊಂದು ವಿಷಯ. ಆ ಭಯ ಹುಟ್ಟಿಸುವ ಕೆಲಸ ಯಾರ ಪಾಲಿಗೆ ಬರುತ್ತದೆ? ಆಡಲು ಆಸೆ ಇದ್ದು, ಜಾಗ ಸಿಗದವನ ಪಾಲಿಗೆ. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ರಾಬಿನ್ ಬಾವಾ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಪಂಜಾಬಿ ಮನೆತನದ ಹುಡುಗ. ಜೂನಿಯರ್ ಹಾಕಿಯಲ್ಲಿ ಒಂದೇ ಸೀಸನ್ನಿನಲ್ಲಿ 50ಕ್ಕೂ ಹೆಚ್ಚು ಗೋಲು ಹೊಡೆದಿದ್ದರು. 1989ರಲ್ಲಿ ವಾಷಿಂಗ್ಟನ್ ತಂಡದಿಂದ ದೊಡ್ಡ ಲೀಗಿಗೆ ಕಾಲಿಟ್ಟರು. ಎಲ್ಲ ಸೇರಿ 61 ಪಂದ್ಯ. ಅಲ್ಲಿ ಅವರಿಂದ ಹೆಚ್ಚಾಗಿ ಬೇಡಿದ್ದು ಗೋಲು ಅಲ್ಲ, ಮುಷ್ಟಿ. ಬಣ್ಣದ ಕಾರಣಕ್ಕೆ ಮಂಜಿನ ಮೇಲೆ ಕೇಳಬಾರದ ಮಾತುಗಳನ್ನೂ ಕೇಳಿದರು. ಇವತ್ತು ಕೆನಡಾದಲ್ಲಿ ಹಾಕಿ ಕಾಮೆಂಟರಿ ಪಂಜಾಬಿಯಲ್ಲೂ ಬರುತ್ತದೆ, 2008ರಿಂದ ಬರುತ್ತಿದೆ. ಅದನ್ನು ಕೇಳಿ ಬೆಳೆಯುವ ಮಕ್ಕಳಿಗೆ ಗೋಲು ಹೊಡೆಯುವ ಕೆಲಸವೇ ಸಿಗಲಿ ಎಂದು ನನ್ನ ಆಸೆ.

ಹಿರಿಯರು ಒಮ್ಮೆ ಕೇಳಿದರು: "ನಿಮ್ಮ ಮೈಸೂರಿನಲ್ಲೂ ಮುಷ್ಟಿ ಕಾಳಗ ಇದೆಯಂತಲ್ಲ, ಟೀವಿಯಲ್ಲಿ ನೋಡಿದೆ. ಅದು ಸಂಪ್ರದಾಯ, ಇದು ಮಾತ್ರ ತಪ್ಪಾ?" ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವರು ಹೇಳಿದ್ದು ವಜ್ರಮುಷ್ಟಿ ಕಾಳಗದ ವಿಷಯ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಚೂಪಾದ ಆಯುಧ ಹಾಕಿಕೊಂಡು ಎದುರು ಬದುರು ನಿಲ್ಲುತ್ತಾರೆ. ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಂತಿತು. ಎಷ್ಟೋ ಸಲ ಒಂದು ನಿಮಿಷವೂ ಆಗುವುದಿಲ್ಲ. ನಾನು ಮೈಸೂರಿನಲ್ಲಿ ಓದುವಾಗ ಅದರ ಫೋಟೋ ಮರುದಿನದ ಪೇಪರಿನಲ್ಲಿ ತಪ್ಪದೆ ಬರುತ್ತಿತ್ತು.

ಯೋಚಿಸಿ ನೋಡಿದೆ. ಜಟ್ಟಿಗಳ ಕಾಳಗ ವರ್ಷಕ್ಕೆ ಒಂದು ದಿನ. ಇಲ್ಲಿ ಒಂದು ತಂಡಕ್ಕೆ ಸೀಸನ್ನಿಗೆ 80ಕ್ಕೂ ಹೆಚ್ಚು ಪಂದ್ಯ. ಅಲ್ಲಿ ಮೊದಲ ರಕ್ತದ ಹನಿ ಕಂಡರೆ ಉಸ್ತಾದರು ಕೈ ಅಡ್ಡ ಹಾಕುತ್ತಾರೆ. ಇಲ್ಲಿ ರಕ್ತ ಕಂಡ ಮೇಲೇ ಜನರ ಕೂಗು ಜಾಸ್ತಿಯಾಗುತ್ತದೆ. ಅಲ್ಲಿ ಕಾಳಗವೇ ಕಾಳಗ, ನೋಡಲು ಬಂದವರು ಅದಕ್ಕೇ ಬಂದವರು. ಇಲ್ಲಿ ಹುಡುಗ ಐದನೇ ವಯಸ್ಸಿಗೆ ಸ್ಕೇಟ್ ಕಟ್ಟಿದ್ದು ಹಾಕಿ ಆಡಲು. ಇನ್ಯಾರದೋ ಪರವಾಗಿ ಮುಖ ಒಡ್ಡಲು ಅಲ್ಲ. ಜಟ್ಟಿಗಳಿಗೂ ಗಾಯವಾಗುತ್ತದೆ, ಅದನ್ನೂ ಮುಂದೆ ಯಾರಾದರೂ ಪ್ರಶ್ನಿಸಬಹುದು, ಪ್ರಶ್ನಿಸಲಿ. ನಮ್ಮದು ಎಂಬ ಕಾರಣಕ್ಕೆ ನಾನು ಅದನ್ನು ಮುಚ್ಚಿಟ್ಟು ಮಾತಾಡಲಾರೆ. ಹಿರಿಯರಿಗೆ ಇದನ್ನೇ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಗುದ್ದಾಟ ಇಲ್ಲದಿದ್ದರೆ ಜನ ಬರುವುದಿಲ್ಲ ಎನ್ನುವವರು ಒಮ್ಮೆ ಮಾರ್ಚ್ ತಿಂಗಳಲ್ಲಿ ಸೇಂಟ್ ಪಾಲ್‌ಗೆ ಬರಬೇಕು. ಮಿನೆಸೋಟಾ ಹೈಸ್ಕೂಲುಗಳ ಹಾಕಿ ಟೂರ್ನಮೆಂಟ್ ನಡೆಯುವುದು ವೈಲ್ಡ್ ತಂಡ ಆಡುವ ಅದೇ ಕಟ್ಟಡದಲ್ಲಿ. ನಾಲ್ಕು ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಕೆನಡಾ ಗಡಿಯ ರೋಸೋ, ವಾರೋಡ್‌ನಂಥ ಪುಟ್ಟ ಊರುಗಳಿಂದ ಅರ್ಧ ಊರೇ ಎದ್ದು ಬರುತ್ತದೆ. ಅಲ್ಲಿ ಗುದ್ದಾಡಿದ ಹುಡುಗ ಆಟದಿಂದ ಹೊರಗೆ, ಮುಂದಿನ ಆಟಕ್ಕೂ ಇಲ್ಲ. ಹಾಗಾಗಿ ಯಾರೂ ಗುದ್ದಾಡುವುದಿಲ್ಲ. ನನಗೆ ಅಲ್ಲಿ ಕೂತಾಗ ನಾಪೋಕ್ಲಿನ ದಿಬ್ಬವೇ ನೆನಪಾಗುತ್ತದೆ. ಅದೇ ಕೂಗು, ಅದೇ ಊರಿನ ಅಭಿಮಾನ, ಅಜ್ಜಿಯರ ಕೈಯಲ್ಲಿ ಮೊಮ್ಮಗನ ಹೆಸರಿನ ಬೋರ್ಡು. ನನ್ನ ಮಗ ಈಗ ಹದಿಮೂರು ವರ್ಷದವನು, ಊರಿನ ಮಕ್ಕಳ ತಂಡದಲ್ಲಿ ಆಡುತ್ತಾನೆ. ಅವನ ಕನಸು ಆ ಟೂರ್ನಮೆಂಟು.

ಒಲಿಂಪಿಕ್ಸ್‌ನಲ್ಲೂ ಹಾಗೇ, ಗುದ್ದಿದವನು ಆಟದಿಂದ ಹೊರಗೆ. 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ ಅಮೆರಿಕದ 20 ಹುಡುಗರಲ್ಲಿ 12 ಜನ ಮಿನೆಸೋಟಾದವರು. ಅವರ ಕೋಚ್ ಹರ್ಬ್ ಬ್ರೂಕ್ಸ್ ಸೇಂಟ್ ಪಾಲ್‌ನವರೇ. ಇಲ್ಲಿ ಅವರ ಪ್ರತಿಮೆ ಇದೆ. ಈ ರಾಜ್ಯದ ಜನ ಇವತ್ತಿಗೂ ಎದೆ ಉಬ್ಬಿಸಿ ಹೇಳುವುದು ಆ ಮ್ಯಾಚಿನ ಕಥೆಯನ್ನು. ಅದರಲ್ಲಿ ಒಂದು ಗುದ್ದೂ ಇಲ್ಲ.

2025ರ ಫೆಬ್ರವರಿ 15ರ ರಾತ್ರಿ ನಮ್ಮ ಮನೆಯಲ್ಲಿ ಕನ್ನಡದ ನಾಲ್ಕಾರು ಕುಟುಂಬ ಸೇರಿದ್ದೆವು. ಚಿತ್ರಾನ್ನ, ಬೋಂಡ ಎಲ್ಲ ಆಗಿತ್ತು. ಟೀವಿಯಲ್ಲಿ ನಾಲ್ಕು ದೇಶಗಳ ಟೂರ್ನಮೆಂಟಿನ ಅಮೆರಿಕ–ಕೆನಡಾ ಪಂದ್ಯ, ಮಾಂಟ್ರಿಯಲ್‌ನಲ್ಲಿ. ಅಮೆರಿಕದ ರಾಷ್ಟ್ರಗೀತೆಗೆ ಅಲ್ಲಿನ ಜನ ಕೂಗಿ ಅಡ್ಡಿ ಮಾಡಿದರು. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕೆಳಗೆ ಬಿದ್ದ ಒಂಬತ್ತು ಸೆಕೆಂಡಿನಲ್ಲಿ ಮೂರು ಗುದ್ದಾಟ. ಅದುವರೆಗೆ ಹಾಕಿ ಕಡೆ ತಲೆಯೇ ಎತ್ತದಿದ್ದವರೂ ಸೋಫಾದಿಂದ ಎದ್ದು ನಿಂತರು. ಮಕ್ಕಳು ಕುಣಿದರು. ನಾನೂ ಎದ್ದು ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಎಳೆತ ನನ್ನೊಳಗೂ ಇದೆ ಎಂದು ಅವತ್ತು ಗೊತ್ತಾಯಿತು. ಅದಕ್ಕೇ ನಿಯಮ ಬೇಕು ಎನ್ನುವುದು. ನೋಡುವವರ ಒಳ್ಳೆಯತನ ನಂಬಿಕೊಂಡು ಆಡುವವನ ತಲೆ ಕಾಯಲು ಆಗುವುದಿಲ್ಲ.

ಐದು ದಿನದ ನಂತರ ಬಾಸ್ಟನ್‌ನಲ್ಲಿ ಫೈನಲ್. ಅವೇ ಎರಡು ತಂಡ, ಹೆಚ್ಚು ಕಡಿಮೆ ಅವರೇ ಆಟಗಾರರು. ಕಪ್ ಪಣದಲ್ಲಿತ್ತು. ಒಬ್ಬರೂ ಗ್ಲೌಸ್ ಕಳಚಲಿಲ್ಲ. ಹೆಚ್ಚುವರಿ ಸಮಯದಲ್ಲಿ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದು ಕೆನಡಾ 3–2ರಿಂದ ಗೆದ್ದಿತು. ನಾನು ಇಷ್ಟು ವರ್ಷದಲ್ಲಿ ನೋಡಿದ ಅತಿ ಒಳ್ಳೆಯ ಹಾಕಿ ಅದು. ಕುರ್ಚಿಯ ತುದಿಯಲ್ಲೇ ಕೂತು ನೋಡಿದೆವು. ಗುದ್ದಾಟ ಆಟಕ್ಕೆ ಅಷ್ಟು ಮುಖ್ಯವಾಗಿದ್ದರೆ, ಗೆಲ್ಲಲೇಬೇಕಾದ ರಾತ್ರಿ ಯಾಕೆ ಯಾರಿಗೂ ಬೇಡವಾಯಿತು?

ಈಗ ಕಡಿಮೆಯಾಗಿದೆ, ಅದು ಸಂತೋಷ. 2008–09ರ ಸೀಸನ್ನಿನಲ್ಲಿ ಎನ್‌ಎಚ್‌ಎಲ್‌ನಲ್ಲಿ 700ಕ್ಕೂ ಹೆಚ್ಚು ಗುದ್ದಾಟ ನಡೆದಿದ್ದವು. ಈಚಿನ ಸೀಸನ್‌ಗಳಲ್ಲಿ ಅದರ ಅರ್ಧದಷ್ಟೂ ಇಲ್ಲ. ಆಟದ ವೇಗ ಹೆಚ್ಚಿತು. ಸಂಬಳಕ್ಕೆ ಮಿತಿ ಬಂದ ಮೇಲೆ ಗುದ್ದಲಿಕ್ಕೆ ಮಾತ್ರ ಒಬ್ಬನನ್ನು ಸಾಕುವುದು ತಂಡಗಳಿಗೆ ಕಷ್ಟವಾಯಿತು. ತಾನಾಗಿಯೇ ಸಾಯುತ್ತದೆ, ಬಿಡು ಅನ್ನುತ್ತಾರೆ ಹಲವರು. ನನಗೆ ಅಷ್ಟು ಸಾಲದು. ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಲ್ಲಿ ಗುದ್ದಾಡಿದವನನ್ನು ಆಟದಿಂದಲೇ ಹೊರಗೆ ಹಾಕುವ ನಿಯಮ ತಂದಿತು. ಲೀಗ್ ಮುಳುಗಲಿಲ್ಲ. ದೊಡ್ಡ ಲೀಗ್ ಕೂಡ ಅಷ್ಟು ಮಾಡಲಿ. ಐದು ನಿಮಿಷ ತೆಗೆದು, ಇವತ್ತಿನ ಆಟ ನಿನಗೆ ಮುಗಿಯಿತು ಎನ್ನಲಿ. ಡಿಕ್ಕಿ ಇರಲಿ, ಬೆವರು ಇರಲಿ. ಕಬಡ್ಡಿಯಲ್ಲಿ ಏಳು ಜನ ಒಬ್ಬನ ಮೇಲೆ ಬೀಳುವುದಿಲ್ಲವೇ? ಮೈ ತಾಗಿಸಿ ಆಡುವ ಆಟ ನನಗೂ ಇಷ್ಟ. ಮುಖಕ್ಕೆ ಮುಷ್ಟಿ ಮಾತ್ರ ಬೇಡ.

ಕಳೆದ ತಿಂಗಳು ಮಗ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಆ ಜೆರ್ಸಿ ನೋಡಿ ಬಂದು, ಇವರು ಯಾರು ಎಂದು ಕೇಳಿದ. ಹೇಳಿದೆ. ಎಲ್ಲವನ್ನೂ ಹೇಳಿದೆ, ಮಾತ್ರೆಯ ವಿಷಯ ಕೂಡ. ಅವನು ಫೋನಿನಲ್ಲಿ ವಿಡಿಯೋ ಹುಡುಕಿದ. ಬಂದದ್ದೆಲ್ಲ ಗುದ್ದಾಟ. ಒಂದರ ಕೆಳಗೆ ಇನ್ನೊಂದು, ಎಷ್ಟು ಕೆಳಗೆ ಹೋದರೂ ಅದೇ. ಫೋನ್ ತೆಗೆದುಕೊಂಡು ನಾನೇ ಹುಡುಕಿದೆ. 2010ರ ನವೆಂಬರ್ 9, ನ್ಯೂಯಾರ್ಕ್, ಎದುರಿಗೆ ವಾಷಿಂಗ್ಟನ್. ಬೂಗಾರ್ಡ್ ಅವರ ಮೂರನೆಯ ಮತ್ತು ಕೊನೆಯ ಗೋಲು. ಆ ದೊಡ್ಡ ದೇಹ ಪಕ್ ಹಿಡಿದು ಮುಂದೆ ಹೋಯಿತು. ಸ್ಟಿಕ್ ಎತ್ತಿ ಜೋರಾಗಿ ಹೊಡೆದರು. ಬಲೆ ಅಲ್ಲಾಡಿತು. ತಂಡದವರೆಲ್ಲ ಬಂದು ಮುತ್ತಿಕೊಂಡರು.

"ಅಪ್ಪಾ, ಇವರಿಗೆ ಆಟ ಬರ್ತಿತ್ತು" ಅಂದ ಮಗ.

"ಬರ್ತಿತ್ತು ಮರಿ."

ಇನ್ನೊಂದು ಸಲ ಹಾಕು ಅಂದ. ಹಾಕಿದೆ.